ನಿಂತ ಕಾರಿನಲ್ಲೊಂದು ರಾತ್ರಿ ಪಯಣ



ಅಮೆರಿಕದಲ್ಲಿ ಬದುಕುವ ನಮ್ಮಂಥ ಕನ್ನಡಿಗರ ಕಥೆಯನ್ನು ಯಾರಾದರೂ ಸಿನಿಮಾ ಮಾಡಲು ಹೊರಟರೆ, ಅದರ ಕಾಲು ಭಾಗವಾದರೂ ಕಾರಿನೊಳಗೇ ನಡೆಯಬೇಕು. ಗಂಡ ಹೆಂಡಿರ ಜಗಳ, ರಾಜಿ, ಮಕ್ಕಳಿಗೆ ಕನ್ನಡ ಮಗ್ಗಿ, ಊರಿಗೆ ಮಾಡುವ ಫೋನು, ಯುಗಾದಿ ಕಾರ್ಯಕ್ರಮದ ಹಾಡಿನ ಕೊನೇ ಗಳಿಗೆಯ ಪ್ರಾಕ್ಟೀಸು... ಎಲ್ಲಕ್ಕೂ ಅದೇ ಜಾಗ. ಅದರಲ್ಲೂ ರಾತ್ರಿ ಹೊತ್ತು. ಹಾಗಾಗಿ ನಮ್ಮ ಹುಡುಗರು ಹುಡುಗಿಯರು ಕಿರುಚಿತ್ರ ಮಾಡುತ್ತೇವೆಂದು ಸ್ಕ್ರಿಪ್ಟ್ ಬರೆದು ತಂದಾಗ "ರಾತ್ರಿ. ಕಾರಿನ ಒಳಗೆ." ಎಂಬ ಸಾಲು ಒಂದು ಕಡೆಯಾದರೂ ಇದ್ದೇ ಇರುತ್ತದೆ. ಬರೆಯಲು ಮೂರೇ ಪದ. ಆದರೆ ಕೈಯಲ್ಲಿ ಕಾಸಿಲ್ಲದೆ ಚಿತ್ರ ಮಾಡುವವರಿಗೆ ಇಡೀ ಸಿನಿಮಾದಲ್ಲಿ ಹೆಚ್ಚು ತಲೆ ತಿನ್ನುವ ದೃಶ್ಯ ಇದೇ!

ವಾರವೆಲ್ಲ ಸಾಫ್ಟ್‌ವೇರ್, ವಾರಾಂತ್ಯಕ್ಕೆ ಸ್ನೇಹಿತರ ಕಿರುಚಿತ್ರಗಳಿಗೆ ಲೈಟು ಹಿಡಿಯುವ ಕೆಲಸ, ಇದು ನನ್ನ ಹವ್ಯಾಸ. ಆ ಅನುಭವದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ರಾತ್ರಿಯ ಕಾರಿನ ದೃಶ್ಯಕ್ಕೆ ಬೇಕಾದದ್ದು ಹೆಚ್ಚು ಬೆಳಕಲ್ಲ, ಓಡುವ ಕಾರೂ ಅಲ್ಲ. ಬೇಕಾದದ್ದು ಓಡುವ ಬೆಳಕು, ಮತ್ತು ಒಂದಿಷ್ಟು ಕತ್ತಲೆ.

ಮಾತಿಗೆ ಒಂದು ದೃಶ್ಯ ಇಟ್ಟುಕೊಳ್ಳೋಣ. ಆರು ತಿಂಗಳು ಜೊತೆಗಿದ್ದ ಅಪ್ಪ ಅಮ್ಮನನ್ನು ಏರ್‌ಪೋರ್ಟಿಗೆ ಬಿಟ್ಟು ಮಗ ಸೊಸೆ ರಾತ್ರಿ ಮನೆಗೆ ವಾಪಸಾಗುತ್ತಿದ್ದಾರೆ. ಅವನು ಕಾರು ಓಡಿಸುತ್ತಿದ್ದಾನೆ, ಇಬ್ಬರಲ್ಲೂ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಹಿಂದಿನ ಸೀಟಿನತ್ತ ತಿರುಗಿ, "ಅತ್ತೆ ಶಾಲು ಇಲ್ಲೇ ಬಿಟ್ಟು ಹೋಗಿದ್ದಾರೆ ಕಣ್ರೀ" ಅನ್ನುತ್ತಾಳೆ. ಅವನು ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ. ಅಷ್ಟೇ ಕಥೆ. ಮೂರು ನಿಮಿಷ, ಇಬ್ಬರು ನಟರು, ಒಂದು ಕಾರು. ಇದನ್ನು ನೂರು ಡಾಲರಿನೊಳಗೆ ಹೇಗೆ ಮಾಡುವುದು?

ಮೊದಲು ಕಾರು ನಿಲ್ಲಿಸಿ!

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ: ಡ್ಯಾಶ್‌ಬೋರ್ಡಿನ ಮೇಲೆ ಕ್ಯಾಮೆರಾ ಅಂಟಿಸಿ ಹೈವೇಗೆ ಹೋಗಿಬಿಡೋಣ ಎಂದು. ದಯವಿಟ್ಟು ಬೇಡ. ಡೈಲಾಗ್ ನೆನಪಿಟ್ಟುಕೊಂಡು, ಅಳು ತಂದುಕೊಂಡು, 65 ಮೈಲಿ ವೇಗದಲ್ಲಿ ಕಾರನ್ನೂ ಓಡಿಸುವುದು ಒಬ್ಬ ಮನುಷ್ಯನ ಕೈಲಾಗುವ ಕೆಲಸವಲ್ಲ. ಜೊತೆಗೆ ಮುಖ ಕಾಣಲಿ ಎಂದು ಒಳಗೆ ಲೈಟು ಹಾಕಿದಿರೋ, ಮುಂದಿನ ಗಾಜು ಕನ್ನಡಿಯಾಗುತ್ತದೆ. ಓಡಿಸುವವನಿಗೆ ರಸ್ತೆಯ ಬದಲು ತನ್ನ ಮುಖವೇ ಕಾಣುತ್ತದೆ. ಹತ್ತಿರದ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಹೊರಗಿನ ಕತ್ತಲೆಯಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಮೂರು ನಿಮಿಷದ ಚಿತ್ರಕ್ಕಾಗಿ ಇಬ್ಬರ ಜೀವ, ಎದುರಿಗೆ ಬರುವ ಇನ್ನೊಂದು ಸಂಸಾರದ ಜೀವ ಪಣಕ್ಕಿಡುವಂತಿಲ್ಲ.

ಸುರಕ್ಷತೆ ಬಿಟ್ಟು ಬರೀ ಸಿನಿಮಾ ದೃಷ್ಟಿಯಿಂದ ನೋಡಿದರೂ ಓಡುವ ಕಾರು ಲಾಭವಲ್ಲ. ನಿಜವಾದ ರಸ್ತೆಯ ಬೆಳಕು ನಮಗೆ ಬೇಕಾದ ಮಾತಿಗೆ ಬೇಕಾದ ಕಡೆ ಬೀಳುವುದಿಲ್ಲ. ಒಂದು ಟೇಕಿನಲ್ಲಿ ಪಕ್ಕಕ್ಕೆ ಲಾರಿ, ಇನ್ನೊಂದರಲ್ಲಿ ಖಾಲಿ ರಸ್ತೆ. ಎಡಿಟಿಂಗಿಗೆ ಕೂತಾಗ ಒಂದಕ್ಕೊಂದು ಹೊಂದುವುದಿಲ್ಲ.

ದುಡ್ಡಿದ್ದವರೂ ನಟನ ಕೈಗೆ ರಸ್ತೆ ಕೊಡುವುದಿಲ್ಲ ಎಂಬುದನ್ನು ಗಮನಿಸಿ. 2013ರಲ್ಲಿ ಬಂದ 'ಲಾಕ್' ಎಂಬ ಇಂಗ್ಲಿಷ್ ಚಿತ್ರದಲ್ಲಿ ಟಾಮ್ ಹಾರ್ಡಿ ಒಬ್ಬನೇ ರಾತ್ರಿ ಹೊತ್ತು ಬರ್ಮಿಂಗ್‌ಹ್ಯಾಮಿನಿಂದ ಲಂಡನ್ನಿಗೆ ಕಾರು ಓಡಿಸುತ್ತಾ ಫೋನಿನಲ್ಲಿ ಮಾತಾಡುತ್ತಾನೆ. ಉಳಿದವರ ದನಿ ಮಾತ್ರ ಕೇಳುತ್ತದೆ. ಚಿತ್ರೀಕರಣದಲ್ಲಿ ಆ ಕಾರನ್ನು ತಗ್ಗಾದ ಟ್ರೇಲರಿನ ಮೇಲೆ ನಿಲ್ಲಿಸಿ ಬೇರೆ ವಾಹನ ಎಳೆಯುತ್ತಿತ್ತು. ಅದಕ್ಕೂ ಹಿಂದೆ, 1930ರ ದಶಕದ ಹಾಲಿವುಡ್ಡಿನಲ್ಲಿ ಸ್ಟುಡಿಯೋದಲ್ಲಿ ನಿಂತ ಕಾರಿನ ಹಿಂದೆ ಪರದೆ ಕಟ್ಟಿ, ರಸ್ತೆಯ ಫಿಲ್ಮನ್ನು ಅದರ ಮೇಲೆ ಓಡಿಸುವ ಪದ್ಧತಿ ಬಳಕೆಗೆ ಬಂತು. ಅದಕ್ಕೆ 'ಪ್ರೊಸೆಸ್' ಅನ್ನುತ್ತಿದ್ದರು. ಪರದೆಯೂ ಇಲ್ಲದೆ, ಬರೀ ಲೈಟು ಆಡಿಸಿ ಕಾರು ಓಡಿದಂತೆ ತೋರಿಸುವ ನಮ್ಮಂಥವರ ಉಪಾಯಕ್ಕೆ ಸಿನಿಮಾದವರು ಇಟ್ಟ ಹೆಸರು 'ಪೂರ್ ಮ್ಯಾನ್ಸ್ ಪ್ರೊಸೆಸ್', ಅಂದರೆ ಬಡವರ ಪ್ರೊಸೆಸ್. ಹೆಸರಿಗೆ ನಾಚಿಕೊಳ್ಳಬೇಡಿ, ಕೋಟಿಗಟ್ಟಲೆ ಸುರಿಯುವವರೂ ಇದನ್ನು ಬಳಸುತ್ತಾರೆ.

ಜಾಗ ಎಲ್ಲಿ? ಮನೆಯ ಡ್ರೈವ್‌ವೇ ಅಥವಾ ಗ್ಯಾರೇಜು ಸಾಕು. ಹೊರಗಾದರೆ ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ರಾತ್ರಿ ಹತ್ತಕ್ಕೆ ನಾಲ್ಕು ಜನ ಕಪ್ಪು ಬಟ್ಟೆ ತೊಟ್ಟು ಟಾರ್ಚು ಹಿಡಿದು ಕಾರಿನ ಸುತ್ತ ಓಡಾಡಿದರೆ ಪೊಲೀಸರಿಗೆ ಫೋನು ಹೋಗುವುದು ಸಹಜ ತಾನೇ? ಗ್ಯಾರೇಜಾದರೆ ಒಂದು ನಿಯಮ ಮರೆಯಲೇಬಾರದು: ಇಂಜಿನ್ ಆಫ್ ಇರಬೇಕು. ಮುಚ್ಚಿದ ಜಾಗದಲ್ಲಿ ಓಡುವ ಇಂಜಿನ್ನಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಬಾಗಿಲು ಅರ್ಧ ತೆರೆದಿದೆ ಎಂಬ ಸಮಾಧಾನವೂ ಬೇಡ. ಇಂಜಿನ್ ಆಫ್ ಇದ್ದರೆ ಇನ್ನೊಂದು ಲಾಭವಿದೆ. ಮಾತು ಸ್ವಚ್ಛವಾಗಿ ರೆಕಾರ್ಡ್ ಆಗುತ್ತದೆ. ರಸ್ತೆಯ ಸದ್ದನ್ನು ಇನ್ನೊಂದು ದಿನ, ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿಕೊಂಡು ಆಮೇಲೆ ಸೇರಿಸಿದರಾಯಿತು.

ಬೆಳಕು ಬರುವುದು ಎಲ್ಲಿಂದ?

ಕಾರಿನ ಛಾವಣಿಯ ಪುಟ್ಟ ಬಲ್ಬು ಹಾಕಿ ಶೂಟ್ ಮಾಡಿದರೆ ಏನಾಗುತ್ತದೆ? ಬೆಳಕು ನೆತ್ತಿಯಿಂದ ಬಿದ್ದು ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಬಲ್ಬು ಹಾಕಿಕೊಂಡು ಯಾರೂ ಹೈವೇಯಲ್ಲಿ ಹೋಗುವುದಿಲ್ಲ ಎಂದು ನೋಡುವವರಿಗೆ ಗೊತ್ತು. ಕಾರಣ ಹೇಳಲು ಬಾರದಿದ್ದರೂ ಏನೋ ಸುಳ್ಳು ಎಂದು ಅವರಿಗೆ ಅನ್ನಿಸಿಬಿಡುತ್ತದೆ.

ಹಾಗಾದರೆ ನಿಜವಾಗಿ ಯಾವ ಬೆಳಕು ಬೀಳುತ್ತದೆ? ಒಂದು ರಾತ್ರಿ ಪಕ್ಕದ ಸೀಟಿನಲ್ಲಿ ಕೂತು ಗಮನಿಸಿ. ಐದಾರು ಮೂಲಗಳು ಸಿಗುತ್ತವೆ.

ಬೀದಿದೀಪ. ಇದು ಸುಮ್ಮನೆ ಹತ್ತಿ ಆರುವುದಿಲ್ಲ. ದೀಪ ಮುಂದೆ ದೂರದಲ್ಲಿದ್ದಾಗ ಬೆಳಕು ಗಾಜಿನೊಳಗಿಂದ ಮುಖಕ್ಕೆ ಬೀಳುತ್ತದೆ. ಕಾರು ಹತ್ತಿರವಾದಂತೆ ದೀಪ ಮೇಲಕ್ಕೇರುತ್ತದೆ, ಛಾವಣಿಯ ಅಂಚು ಅದನ್ನು ಕತ್ತರಿಸುತ್ತದೆ. ಆಗ ಬೆಳಕು ಹಣೆಯಿಂದ ಗಲ್ಲಕ್ಕೆ, ಎದೆಗೆ, ತೊಡೆಗೆ, ಸ್ಟೀರಿಂಗಿನ ಕೈಗಳಿಗೆ ಜಾರಿ ಮಾಯವಾಗುತ್ತದೆ. ಈ ಮೇಲಿಂದ ಕೆಳಗಿನ ಜಾರಿಕೆಯೇ ರಾತ್ರಿ ಪಯಣದ ಸಹಿ. ಕಂಬಗಳ ನಡುವೆ 150 ಅಡಿ ಅಂತರ, ಕಾರಿನ ವೇಗ ಗಂಟೆಗೆ 35 ಮೈಲಿ ಎಂದು ಲೆಕ್ಕ ಹಾಕಿ. ಸೆಕೆಂಡಿಗೆ ಸುಮಾರು 51 ಅಡಿ, ಅಂದರೆ ಮೂರು ಸೆಕೆಂಡಿಗೊಂದು ದೀಪ. ಈ ಲಯ ಮಧ್ಯದಲ್ಲಿ ಕಾರಣವಿಲ್ಲದೆ ಬದಲಾದರೆ ಕಾರಿನ ವೇಗ ಬದಲಾದಂತೆ ಕಾಣುತ್ತದೆ.

ಎದುರಿನ ವಾಹನ. ನಿಧಾನವಾಗಿ ಬೆಳೆದು, ಕೊನೆಗೆ ಪಕ್ಕಕ್ಕೆ ಸರ್ರನೆ ಜಾರುವ ಬೆಳಕು. ಇದು ಬರುವುದು ಡ್ರೈವರಿನ ಕಿಟಕಿಯ ಕಡೆಯಿಂದ. ಅಮೆರಿಕದಲ್ಲಿ ಅದು ಎಡಗಡೆ, ಬೆಂಗಳೂರಿನಲ್ಲಿ ಬಲಗಡೆ. ಇಲ್ಲಿ ಕೂತು ಊರಿನ ಕಥೆ ಚಿತ್ರಿಸುವವರು ಇದನ್ನು ನೆನಪಿಡಿ.

ಹಿಂದಿನ ವಾಹನ. ತಲೆ, ಭುಜದ ಅಂಚಿಗೆ ಬೆಳ್ಳಿ ಗೆರೆ ಎಳೆಯುತ್ತದೆ. ಮೇಲಿನ ಕನ್ನಡಿಯಲ್ಲಿ ಪ್ರತಿಫಲಿಸಿ ಡ್ರೈವರಿನ ಕಣ್ಣಿನ ಮೇಲೆ ಒಂದು ಪಟ್ಟಿ ಬೀಳಿಸುತ್ತದೆ.

ಕೆಂಪು. ಮುಂದಿನ ಕಾರಿನ ಬ್ರೇಕ್ ಲೈಟು ಅಥವಾ ಸಿಗ್ನಲ್. ಕಾರು ನಿಂತಿದೆ ಎಂದು ಹೇಳಲು ಇಬ್ಬರ ಮುಖದ ಮೇಲೆ ಅಲುಗದ ಕೆಂಪು ಬೆಳಕು ಸಾಕು.

ಇನ್ನುಳಿದದ್ದು ಡ್ಯಾಶ್‌ಬೋರ್ಡು ಮತ್ತು ಫೋನಿನ ಪರದೆ.

ಮೊದಲ ದೀಪ: ಇದ್ದೂ ಇಲ್ಲದಂತೆ

ಬೀದಿದೀಪ ಬರದ ಮೂರು ಸೆಕೆಂಡಿನಲ್ಲಿ ಮುಖ ಪೂರ್ತಿ ಮಾಯವಾಗಬಾರದು. ಅದಕ್ಕೊಂದು ತಳಪಾಯದ ಬೆಳಕು ಬೇಕು. ನಿಜವಾದ ಡ್ಯಾಶ್‌ಬೋರ್ಡಿನ ಬೆಳಕು ಕ್ಯಾಮೆರಾಗೆ ಸಾಲುವುದಿಲ್ಲ. ಆದ್ದರಿಂದ ಅಂಗೈಯಗಲದ ಒಂದು ಎಲ್‌ಇಡಿ ಪ್ಯಾನೆಲ್ ತಂದು, ಕ್ಯಾಮೆರಾಗೆ ಕಾಣದಂತೆ ಸ್ಟೀರಿಂಗಿನ ಹಿಂದೆ ಟೇಪು ಹಚ್ಚಿ ಕೂರಿಸಿ. ಮೇಲೆ ಅಡುಗೆಮನೆಯ ಬೇಕಿಂಗ್ ಪೇಪರಿನ ಎರಡು ಪದರ ಹೊದಿಸಿದರೆ ಬೆಳಕು ಮೆತ್ತಗಾಗುತ್ತದೆ. ಆಮೇಲೆ ಡಿಮ್ ಮಾಡಿ, ಇನ್ನೂ ಡಿಮ್ ಮಾಡಿ. ಕೆಳಗಿನಿಂದ ಬರುವ ಬೆಳಕು ಸ್ವಲ್ಪ ಜೋರಾದರೂ, ಮಕ್ಕಳು ಗಲ್ಲದ ಕೆಳಗೆ ಟಾರ್ಚು ಹಿಡಿದು ದೆವ್ವದ ಕಥೆ ಹೇಳಿದಂತೆ ಕಾಣುತ್ತದೆ! ಆರಿಸಿದಾಗ ಮಾತ್ರ ಇತ್ತೆಂದು ಗೊತ್ತಾಗಬೇಕು, ಅದೇ ಸರಿಯಾದ ಅಳತೆ.

ಈ ವಿಷಯಕ್ಕೆ ನೋಡಲೇಬೇಕಾದ ಚಿತ್ರ ಮೈಕೆಲ್ ಮ್ಯಾನ್ ನಿರ್ದೇಶನದ 'ಕೊಲ್ಯಾಟರಲ್' (2004). ಲಾಸ್ ಏಂಜಲೀಸಿನ ಒಂದು ರಾತ್ರಿ, ಒಂದು ಟ್ಯಾಕ್ಸಿ, ಒಳಗೆ ಟಾಮ್ ಕ್ರೂಸ್ ಮತ್ತು ಜೇಮಿ ಫಾಕ್ಸ್. ಛಾಯಾಗ್ರಾಹಕರು ಡಿಯೋನ್ ಬೀಬ್ ಮತ್ತು ಪಾಲ್ ಕ್ಯಾಮರಾನ್. ಹೆಚ್ಚಿನ ಭಾಗವನ್ನು ಆಗಿನ್ನೂ ಹೊಸದಾಗಿದ್ದ ಡಿಜಿಟಲ್ ಕ್ಯಾಮೆರಾಗಳಲ್ಲಿ ತೆಗೆದರು. ಟ್ಯಾಕ್ಸಿಯೊಳಗೆ ಅವರು ಬಳಸಿದ್ದು ಕಾಗದದಂತೆ ತೆಳುವಾದ, ಮಂದವಾಗಿ ಹೊಳೆಯುವ ಎಲೆಕ್ಟ್ರೋಲ್ಯೂಮಿನೆಸೆಂಟ್ ಹಾಳೆಗಳನ್ನು. ಬೇಕಾದಲ್ಲಿ ಅಂಟಿಸಿ, ಬೇಡವಾದಾಗ ಕಿತ್ತು ತೆಗೆಯುವುದು. ದೊಡ್ಡ ಬಜೆಟ್ಟಿನ ಆ ಚಿತ್ರಕ್ಕೂ ಕಾರಿನೊಳಗೆ ಬೇಕಾಗಿದ್ದದ್ದು ಅಷ್ಟೇ ಮಂದ ಬೆಳಕು.

ಓಡುವ ದೀಪಗಳು

ಇನ್ನು ನಾಲ್ಕು ಸ್ನೇಹಿತರನ್ನು ಕರೆಯಿರಿ, ಊಟ ಹಾಕಿದರೆ ಬರುತ್ತಾರೆ! ಕೆಲಸ ಹೀಗೆ ಹಂಚಿ:

ಒಬ್ಬರು ಬೀದಿದೀಪ. ಉದ್ದನೆ ಕೋಲಿನ ತುದಿಗೆ ಒಂದು ಬ್ಯಾಟರಿ ಲೈಟು ಕಟ್ಟಿ, ಬಾನೆಟ್ಟಿನ ಮುಂದಿನಿಂದ ಎತ್ತಿ ಕಾರಿನ ಮೇಲೆ ಹಿಂದಕ್ಕೆ ದಾಟಿಸಬೇಕು. ಮೂರು ಸೆಕೆಂಡಿಗೊಮ್ಮೆ, ಮನಸ್ಸಿನಲ್ಲಿ ಎಣಿಸುತ್ತಾ. ವಾಪಸ್ ತರುವಾಗ ದೀಪ ಆರಿಸಿರಬೇಕು ಅಥವಾ ಮುಚ್ಚಿರಬೇಕು.

ಇನ್ನೊಬ್ಬರು ಎದುರಿನ ವಾಹನ. ಇಲ್ಲಿ ದೀಪ ಆಡಿಸುವುದಕ್ಕಿಂತ ಕನ್ನಡಿ ಆಡಿಸುವುದು ಮೇಲು. ಸ್ಥಿರವಾದ ದೀಪದ ಮುಂದೆ ಕೈಗನ್ನಡಿ ಹಿಡಿದು ತಿರುಗಿಸಿ. ಕನ್ನಡಿ 10 ಡಿಗ್ರಿ ತಿರುಗಿದರೆ ಬೆಳಕು 20 ಡಿಗ್ರಿ ತಿರುಗುತ್ತದೆ, ಮಣಿಕಟ್ಟಿನ ಸಣ್ಣ ಚಲನೆಗೇ ಬೆಳಕು ಮುಖದ ಮೇಲೆ ನುಣ್ಣಗೆ ಹರಿದು ಹೋಗುತ್ತದೆ.

ಕನ್ನಡಿ ಎಂದಾಕ್ಷಣ ನೆನಪಾಗುವವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಇಳಿದು ಬರುವ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಅವರು ಮಾಡಿದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ಹಾಯಿಸಿ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ನಮ್ಮ ಕನ್ನಡಿಗ. ಉಪಕರಣ ಇಲ್ಲ ಎಂದು ಕೊರಗುವವರು ಈ ಕನ್ನಡಿಯ ಕಥೆ ನೆನೆಸಿಕೊಂಡರೆ ಸಾಕು.

ಮೂರನೆಯವರು ಹಿನ್ನೆಲೆ. ಕಿಟಕಿಯಾಚೆ ಕಾಣುವ ಊರಿನ ದೀಪಗಳಿಗೆ ದೀಪಾವಳಿಯ ಸೀರಿಯಲ್ ಸೆಟ್ಟು ಧಾರಾಳವಾಗಿ ಸಾಕು. ಕಿಟಕಿಯಿಂದ 15-20 ಅಡಿ ದೂರದಲ್ಲಿ ಅದನ್ನು ಕೋಲಿಗೆ ಕಟ್ಟಿಕೊಂಡು ಕಾರಿನ ಮುಂದಿನಿಂದ ಹಿಂದಕ್ಕೆ ನಡೆಯುವುದು. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದಿದ್ದರೆ ಫೋಕಸ್ಸಿಲ್ಲದ ಆ ಚುಕ್ಕಿಗಳು ಬಣ್ಣದ ಬಿಲ್ಲೆಗಳಾಗಿ ತೇಲುತ್ತವೆ. ಇನ್ನೊಬ್ಬರು ಸಿಕ್ಕರೆ ಹತ್ತಿರದಲ್ಲಿ ಒಂದು ದೀಪ ಹಿಡಿದು ಬೇಗ ದಾಟಲಿ. ರೈಲಿನಲ್ಲಿ ಕೂತಾಗ ಹತ್ತಿರದ ತೆಂಗಿನಮರ ಓಡುತ್ತದೆ, ದೂರದ ಗುಡ್ಡ ನಿಂತೇ ಇರುತ್ತದೆ, ನೋಡಿ. ಅದೇ ಲೆಕ್ಕ. ಕ್ಯಾಮೆರಾ ಮುಂದಿನ ಗಾಜಿನಿಂದ ನೋಡುತ್ತಿದ್ದರೆ ಹಿನ್ನೆಲೆಗೆ ಬರುವುದು ಹಿಂದಿನ ಗಾಜು. ಆಗ ಪೊರಕೆ ಕೋಲಿಗೆ ಎರಡು ಟಾರ್ಚು ಕಟ್ಟಿ ದೂರದಲ್ಲಿ ಹಿಡಿದರೆ ಹಿಂದೆ ಬರುವ ಕಾರು ತಯಾರು!

ನಾಲ್ಕನೆಯವರು ಹಿಂದಿನ ಬಂಪರಿನ ಮೇಲೆ ಕೈಯಿಟ್ಟು ಆಗಾಗ ಸಣ್ಣಗೆ ಅಲುಗಿಸಬೇಕು. ಬಹಳ ಸಣ್ಣಗೆ. ಇಲ್ಲವಾದರೆ ಹೈವೇ ಹೋಗಿ ಎತ್ತಿನ ಗಾಡಿಯ ದಾರಿಯಾಗುತ್ತದೆ.

ಕಾರು ಓಡಿಸುವ ಪಾತ್ರದವರಿಗೂ ಒಂದು ಮಾತು. ಹಳೇ ಸಿನಿಮಾಗಳಂತೆ ಸ್ಟೀರಿಂಗನ್ನು ಅತ್ತಿತ್ತ ತಿರುಗಿಸುತ್ತಾ ಕೂರಬೇಡಿ, ಹೈವೇಯಲ್ಲಿ ಕೈ ಅಲುಗುವುದೇ ಕಡಿಮೆ. ಆಗಾಗ ಕನ್ನಡಿ ನೋಡಿ. ಮಾತಾಡುವಾಗ ಪಕ್ಕಕ್ಕೆ ನೋಡಿದರೂ ತಕ್ಷಣ ಕಣ್ಣು ರಸ್ತೆಗೆ ಮರಳಲಿ.

ಕ್ಯಾಮೆರಾಗೆ ಹೇಳಬೇಕಾದ್ದು

ಫೋನಿನಲ್ಲೇ ತೆಗೆದರೂ ಸರಿ, ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಪ್ರತಿ ದೀಪ ದಾಟಿದಾಗಲೂ ಕ್ಯಾಮೆರಾ ಗಾಬರಿಯಾಗಿ ಕತ್ತಲೆಯನ್ನು ಬೆಳಗಿಸಲು ಹೋಗುತ್ತದೆ. ಕಪ್ಪು ಬೂದಿಯಾಗುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತದೆ. ಮುಖಕ್ಕೆ ತಳಪಾಯದ ಬೆಳಕು ಸಾಮಾನ್ಯಕ್ಕಿಂತ ಎರಡು ಸ್ಟಾಪ್ ಕಡಿಮೆ, ಅಂದರೆ ಕಾಲು ಭಾಗದಷ್ಟಿರಲಿ. ಬೀದಿದೀಪ ದಾಟುವ ಒಂದು ಕ್ಷಣ ಮಾತ್ರ ಪೂರ್ತಿ ಬೆಳಕು ಸಿಗಲಿ.

ಕಾಲೇಜಿನಲ್ಲಿ ಓದಿದ ವಿಲೋಮ ವರ್ಗ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೀಪ ಗಂಡನಿಂದ 2 ಅಡಿ, ಹೆಂಡತಿಯಿಂದ 4 ಅಡಿ ದೂರದಲ್ಲಿದ್ದರೆ ಅವಳಿಗೆ ಸಿಗುವುದು ಅವನ ಕಾಲು ಭಾಗ ಬೆಳಕು. ಅದೇ ದೀಪವನ್ನು 10 ಮತ್ತು 12 ಅಡಿಗೆ ಒಯ್ದರೆ ಅವಳಿಗೆ ಸುಮಾರು 70 ಭಾಗ ಸಿಗುತ್ತದೆ. ಇಬ್ಬರನ್ನೂ ಸಮನಾಗಿ ತೋರಿಸಬೇಕಾದರೆ ದೀಪ ದೂರ, ಒಬ್ಬರನ್ನು ಕತ್ತಲೆಯಲ್ಲಿ ಬಿಡಬೇಕಾದರೆ ಹತ್ತಿರ.

ಕರೆಂಟಿನ ದೀಪ ಬಳಸಿದರೆ ಮಿಣುಕು ಬರಬಹುದು. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಅಮೆರಿಕದ 60 ಹರ್ಟ್ಸ್ ಕರೆಂಟಿಗೆ ಶಟರ್ 1/60, ಊರಿನ 50 ಹರ್ಟ್ಸಿಗೆ 1/50 ಇಡಿ. ಅಗ್ಗದ ಎಲ್‌ಇಡಿಗಳು ಡಿಮ್ ಮಾಡಿದಾಗ ಪಟ್ಟೆ ಪಟ್ಟೆಯಾಗಿ ಮಿಣುಕುವುದುಂಟು, ಆದ್ದರಿಂದ ಹಿಂದಿನ ದಿನವೇ ಪರೀಕ್ಷಿಸಿ.

ಗಾಜಿನ ಪ್ರತಿಫಲನ ತೆಗೆಯಲು ಪೋಲರೈಜರ್ ಹಾಕುವ ಆಸೆಯಾಗುತ್ತದೆ. ಆದರೆ ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ರಾತ್ರಿಯಲ್ಲಿ ಅಷ್ಟು ದಾನ ಮಾಡುವ ಶ್ರೀಮಂತಿಕೆ ನಮಗಿಲ್ಲ. ಬದಲಿಗೆ ಬಾನೆಟ್ಟಿನ ಮೇಲೆ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಾಕಿ. ಗಾಜಿನ ಮೇಲೆ ಓಡುವ ದೀಪದ ಪ್ರತಿಬಿಂಬ ಮಾತ್ರ ಇರಲಿ, ಅದೇ ಅಂದ.

ಬಣ್ಣ ಕಾಲವನ್ನೂ ಹೇಳುತ್ತದೆ. ಸೋಡಿಯಂ ದೀಪದ ಕಿತ್ತಳೆ ಸುಮಾರು 2000 ಕೆಲ್ವಿನ್, ಎಲ್‌ಇಡಿ ಬೀದಿದೀಪಗಳು ಹೆಚ್ಚಾಗಿ 3000ದಿಂದ 4000. ಲಾಸ್ ಏಂಜಲೀಸ್ 2009ರಿಂದ ತನ್ನ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುತ್ತಾ ಬಂತು. 'ಕೊಲ್ಯಾಟರಲ್'ನ ಆ ಕಿತ್ತಳೆ ಆಕಾಶ ಈಗ ಚಿತ್ರದಲ್ಲಿ ಮಾತ್ರ ಉಳಿದಿದೆ. ಭಾರತದಲ್ಲಿ 2015ರಲ್ಲಿ ರಾಷ್ಟ್ರೀಯ ಬೀದಿದೀಪ ಯೋಜನೆ ಆರಂಭವಾದ ಮೇಲೆ ಅನೇಕ ಊರುಗಳ ಬೀದಿಗಳು ಬೆಳ್ಳಗಾದವು. ನಿಮ್ಮ ಕಥೆ 1998ರ ಬೆಂಗಳೂರಿನದಾದರೆ ದೀಪಕ್ಕೆ ಕಿತ್ತಳೆ ಜೆಲ್ ಹಾಕಿ.

ಕತ್ತಲೆಯಲ್ಲಿ ಹೇಳುವ ಮಾತು

ಇಷ್ಟೆಲ್ಲ ಲೆಕ್ಕ ಯಾತಕ್ಕೆ? ಆ ಇಬ್ಬರ ದೃಶ್ಯಕ್ಕೆ ಮರಳೋಣ. ಕಾರಿನಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಕೂರುತ್ತೇವೆ, ಮುಖ ಮುಖ ನೋಡಬೇಕಿಲ್ಲ. ಮನೆಯ ಊಟದ ಮೇಜಿನಲ್ಲಿ ಬಾಯಿಗೆ ಬರದ ಮಾತು ಅಲ್ಲಿ ಬರುವುದು ಅದಕ್ಕೇ. ಅವಳು "ಅತ್ತೆ ಶಾಲು" ಅನ್ನುವಾಗ ಬೀದಿದೀಪ ಎಲ್ಲಿರಬೇಕು? ಅವಳ ಮುಖದ ಮೇಲೆ ಎಂದು ಯಾರಾದರೂ ಹೇಳುತ್ತಾರೆ. ನಾನಾದರೆ ಆ ಮಾತನ್ನು ಎರಡು ದೀಪಗಳ ನಡುವಿನ ಕತ್ತಲೆಯಲ್ಲಿ ಆಡಿಸುತ್ತೇನೆ. ಮುಂದಿನ ದೀಪ ಬಂದಾಗ ಕ್ಯಾಮೆರಾ ಅವನ ಮೇಲಿರಲಿ. ಬೆಳಕು ಅವನ ಹಣೆಯಿಂದ ಇಳಿದು, ಒದ್ದೆ ಕಣ್ಣಿನಲ್ಲಿ ಒಮ್ಮೆ ಮಿಂಚಿ, ಸ್ಟೀರಿಂಗಿನ ಕೈಗಳಿಗೆ ಜಾರಿ ಹೋಗಲಿ. ಅದರ ನಂತರದ ದೀಪ ಹಿಂದಿನ ಖಾಲಿ ಸೀಟಿನ ಮೇಲಿನ ಶಾಲನ್ನು ಒಂದೇ ಒಂದು ಸಲ ತೋರಿಸಿ ದಾಟಲಿ. ಅವನು ಅತ್ತ ಎಂದು ಬೇರೆ ಹೇಳಬೇಕಾಗಿಲ್ಲ.

ನಿಜವಾದ ಹೈವೇಯಲ್ಲಿ ಓಡುವ ಕಾರಿನಲ್ಲಿ ಈ ಮೂರು ದೀಪಗಳನ್ನು ನಾವು ಹೀಗೆ ಜೋಡಿಸಲಾರೆವು. ಡ್ರೈವ್‌ವೇಯಲ್ಲಿ ನಿಂತ ಕಾರು, ಕೋಲಿಗೆ ಕಟ್ಟಿದ ಲೈಟು, ಎಣಿಸಿಕೊಂಡು ನಡೆಯುವ ಸ್ನೇಹಿತ ಇದ್ದರೆ ಎಷ್ಟು ಸಲ ಬೇಕಾದರೂ ಜೋಡಿಸಬಹುದು. ದುಡ್ಡಿಲ್ಲದ್ದು ಇಲ್ಲಿ ಕೊರತೆಯಾಗುವುದಿಲ್ಲ. ಎಲ್ಲರೂ ಕ್ಷೇಮವಾಗಿ ಒಳಗೆ ಬಂದು ಬಿಸಿಬೇಳೆಬಾತ್ ತಿನ್ನಬಹುದು ಎಂಬುದಂತೂ ದೊಡ್ಡ ಲಾಭ.

ಹೇಗೂ ಚಳಿಗಾಲ ಬಂತೆಂದರೆ ಇಲ್ಲಿ ಐದು ಗಂಟೆಗೇ ಕತ್ತಲೆ. ರಾತ್ರಿ ಹನ್ನೆರಡರವರೆಗೆ ಕಾಯಬೇಕಿಲ್ಲ, ಮಕ್ಕಳೂ ಟಾರ್ಚು ಹಿಡಿದು ಸೇರಿಕೊಳ್ಳಬಹುದು. ಒಂದು ಶನಿವಾರ ಪ್ರಯತ್ನಿಸಿ ನೋಡಿ. ಕೋಲು ಹಿಡಿಯಲು ಇನ್ನೊಂದು ಕೈ ಬೇಕಾದರೆ ನನ್ನನ್ನೂ ಕರೆಯಿರಿ, ಊಟ ಹಾಕಿದರೆ ನಾನೂ ಬರುತ್ತೇನೆ!